ಸೊಪ್ಪಿನ ಕಟ್ಟಿನ ಹಿಂದೆ ಕೆಂಪು ಅಂಕಿ

ಇಲ್ಲ, ಮಂಕಾಗಿಲ್ಲ, ಎಳೆಬಿಸಿಲು ಗಾಜಿನ ಮೇಲೆ ಬಿದ್ದು ಹಾಗೆ ಕಂಡಿತು ಅಷ್ಟೆ, ಬೋರ್ಡನ್ನು ತುಸು ಓರೆ ಮಾಡಿದರೆ ಅಂಕಿಗಳು ಮತ್ತೆ ಕೆಂಪಗೆ, ಒಂದರ ಬೆನ್ನಟ್ಟಿಕೊಂಡು ಇನ್ನೊಂದು, ಕೊನೆಯವಂತೂ ಕಣ್ಣಿಗೆ ಸಿಗದ ಹಾಗೆ ಓಡುತ್ತಿವೆ, ಓಡಲಿ, ಓಡುತ್ತಿದ್ದರೆ ಸಾಕು, ಎಂದುಕೊಂಡು ಅತ್ತೆ ಕ್ಲ್ಯಾಪ್ ಬೋರ್ಡನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಬೆರಳು ಮರಗಟ್ಟಿವೆ, ಉಸಿರು ಬಿಟ್ಟರೆ ಹೊಗೆ. ಎದುರಿಗೆ ಮುಚ್ಚಿಹೋದ ಗಿರಣಿಯ ಚಿಮಣಿ, ಆಗಲೇ ಬಿದ್ದಿರಬೇಕಾಗಿದ್ದದ್ದು, ಊಟ ಮುಗಿದರೂ ಏಳದ ನೆಂಟನ ಹಾಗೆ ಇನ್ನೂ ನಿಂತಿದೆ. ಬುಡದಲ್ಲಿ ಮದ್ದು ಇಟ್ಟವರು ತಂತಿಯೊಂದು ಸರಿಯಿಲ್ಲವೆಂದು ಮತ್ತೆ ಒಳಗೆ ಹೋಗಿದ್ದಾರೆ, ಸ್ವಲ್ಪ ಕಾಯಿರಿ ಅಂದರು, ಕಾಯುತ್ತಿದ್ದಾರೆ ಎಲ್ಲರೂ, ನಿರ್ದೇಶಕ, ಕ್ಯಾಮೆರಾದವರು, ಹಗ್ಗದಾಚೆ ನಿಂತ ಜನ — ಜನರಿಗಾದರೆ ಕಾಯುವುದು ಗೊತ್ತು, ಬೋರ್ಡಿನೊಳಗಿನ ಸೆಲ್ಲಿಗೆ ಗೊತ್ತೇ? ಈ ಬೋರ್ಡು ಬೇರೆ ಮುದಿಯದು, ತನ್ನ ಹಾಗೇ, ಒಮ್ಮೆ ಆರಿಸಿದರೆ ಹೊತ್ತು ಮರೆತುಬಿಡುತ್ತದೆ, ಆಮೇಲೆ ಸೊಸೆಯ ಸೌಂಡು ಹಿಡಿಯುವ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಮತ್ತೆ ಹೊತ್ತು ತುಂಬಿಸಬೇಕು, ಸೊಸೆಯೋ ಪೆಟ್ಟಿಗೆ ಇಟ್ಟುಕೊಂಡು ಚಿಮಣಿಯ ಆಚೆ ಮಗ್ಗುಲಲ್ಲಿ, ಗೋಡೆಯ ಮರೆಯಲ್ಲಿ, ನಡುವೆ ಒಂದು ಹುಳುವೂ ಸುಳಿಯಕೂಡದು ಎಂದು ಕಾವಲು. ಅವಳು ಮೈಕುಗಳನ್ನು ಚಿಮಣಿಯ ಕಾಲಬುಡದಲ್ಲೇ ಹುದುಗಿಸಿ ಬಂದಿದ್ದಾಳೆ, ಇಲ್ಲಿ ಕ್ಲ್ಯಾಪ್ ಹೊಡೆದರೆ ಅಲ್ಲಿಗೆ ಕೇಳುವುದಿಲ್ಲ. ಕ್ಯಾಮೆರಾಗೆ ಕಣ್ಣಿದೆ ಕಿವಿಯಿಲ್ಲ, ಸೊಸೆಯ ಪೆಟ್ಟಿಗೆಗೆ ಕಿವಿಯಿದೆ ಕಣ್ಣಿಲ್ಲ, ಎರಡನ್ನೂ ಗಂಟು ಹಾಕುವುದು ಈ ಅಂಕಿಯೊಂದೇ, ಅಲ್ಲಿ ಓಡುವ ಹೊತ್ತೂ ಇಲ್ಲಿ ಓಡುವ ಹೊತ್ತೂ ಒಂದೇ, ಈ ಅಂಕಿ ಆರಿದರೆ ಗಂಟು ಬಿಚ್ಚಿದ ಹಾಗೆ, ಆಮೇಲೆ ಚಿಮಣಿಗೆ ಇನ್ನೊಂದು ಸಲ ಬೀಳಪ್ಪಾ ಅನ್ನಲಾಗುತ್ತದೆಯೇ.

ಅರ್ಜೆಂಟಪ್ಪ ಬರುತ್ತಿದ್ದಾನೆ, ಮ್ಯಾನೇಜರು, ಯಾವುದಕ್ಕೂ ಅರ್ಜೆಂಟು ಅನ್ನುವವನಿಗೆ ಸೆಟ್ಟಿನವರೇ ಇಟ್ಟ ಹೆಸರು, ಸೌಂಡಿಗೆ ತನ್ನ ಕಡೆಯವನನ್ನು ತರಬೇಕೆಂದಿದ್ದವನು, ಮೊದಲ ದಿನವೇ ನಗುತ್ತ ಅಂದಿದ್ದ, ಸೊಸೆ ರೆಕಾರ್ಡಿಸ್ಟು, ಅತ್ತೆ ಕ್ಲ್ಯಾಪು, ಸೆಟ್ಟಲ್ಲಿ ಸೌಂಡಿಗೇನೂ ಬರ ಇರಲ್ಲ ಬಿಡಿ, ತಾನು ಸುಮ್ಮನಿದ್ದಳೇ, ಹೌದು ಕಣಪ್ಪ, ನಮ್ಮನೆ ಜಗಳಾನೂ ಅವಳು ರೆಕಾರ್ಡ್ ಮಾಡಿ ಇಟ್ಕೋತಾಳೆ, ನೀನು ಮಾತಾಡುವಾಗ ಹುಷಾರು. ಎಲ್ಲ ನಕ್ಕರು. ಅಂದಿನಿಂದ ಸೆಟ್ಟಿಗೆಲ್ಲ ಅವಳು ಅತ್ತೆ. ನಕ್ಕರೂ ಗೊತ್ತಿದೆ, ಸೊಸೆ ಮೊದಲ ಸಲ ಒಬ್ಬಳೇ ಹೊಣೆ ಹೊತ್ತ ಸಿನಿಮಾ ಇದು, ಇವತ್ತಿನದು ಕೆಟ್ಟರೆ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನುವ ಬಾಯಿಗಳು ಬಾಗಿಲಲ್ಲೇ ನಿಂತಿವೆ. ಏನತ್ತೆ, ಫ್ರಿಜ್ಜಲ್ಲಿ ಪಾಸಾದ ಸೆಲ್ಲು ಬಯಲಲ್ಲೂ ಪಾಸಾಗುತ್ತಾ? — ಯಾರು ಹೇಳಿದರೋ ಇವನಿಗೆ, ನಿರ್ದೇಶಕನಿಗೆ ಸೊಸೆಯೇ ಹೇಳಿರಬೇಕು, ಮುಚ್ಚುಮರೆ ಇಲ್ಲದವಳು. ಅಂಕಿ ನೋಡಿದಳು. ಕೆಂಪಗಿದೆ.

ಅವತ್ತೂ ಹೀಗೇ ಕೆಂಪಗಿತ್ತು, ಬೆಳಗ್ಗೆ ಹಾಲಿಗೆಂದು ಫ್ರಿಜ್ಜು ತೆರೆದರೆ ಸೊಪ್ಪಿನ ಕಟ್ಟಿನ ಹಿಂದೆ ಏನೋ ಓಡುತ್ತಿದೆ, ಎಲೆಗಳ ಸಂದಿಯಿಂದ ಕೆಂಪು ಅಂಕಿ, ಇದೇ ಬೋರ್ಡು, ಏನಮ್ಮಾ ಇದು, ಹೊತ್ತು ಹಳಸುತ್ತೆ ಅಂತ ಇಟ್ಟಿದೀಯಾ? ಸೊಸೆ ಹಲ್ಲುಜ್ಜುತ್ತಲೇ ಬಂದಳು, ಆ ಬಯಲಲ್ಲಿ ಬೆಳಗಿನ ಜಾವ ಇದಕ್ಕಿಂತ ಚಳಿ ಅತ್ತೆ, ಇಲ್ಲೇ ಸಾಯೋ ಸೆಲ್ಲು ಅಲ್ಲಿ ಬದುಕುತ್ತಾ? ಮೊದಲು ಹಾಕಿದ್ದು ತನ್ನವೇ, ಎಷ್ಟೋ ಕಾಲದಿಂದ ತಾನು ಅಂಗಡಿಯಿಂದ ಆರಿಸಿ ತರುತ್ತಿದ್ದ ಮಾಮೂಲಿ ಸೆಲ್ಲು, ಮೇಜಿನ ಮೇಲೆ ಬೀಳಿಸಿ ನೋಡಿ ತರುತ್ತಿದ್ದದ್ದು — ತುಂಬಿದ್ದು ದಪ್ಪೆಂದು ಕೂತುಕೊಳ್ಳುತ್ತದೆ, ಮುಗಿದದ್ದು ಪುಟಿಯುತ್ತದೆ, ಮನುಷ್ಯರೂ ಹಾಗೇ ಅಲ್ಲವೇ — ಅವು ಮಧ್ಯಾಹ್ನದೊಳಗೇ ಬಿಳಿಚಿಕೊಂಡವು, ಸಂಜೆಗೆ ಫ್ರಿಜ್ಜು ತೆರೆದರೆ ಸೊಪ್ಪಿನ ಹಿಂದೆ ಕತ್ತಲು. ಆಮೇಲೆ ಚಾರ್ಜು ಮಾಡುವವು, ಪರವಾಗಿಲ್ಲ, ತಡೆದುಕೊಂಡವು, ಆದರೆ ಹಳೆಯವು, ಒಂದೊಂದಕ್ಕೆ ಒಂದೊಂದು ಬುದ್ಧಿ, ನಾಲ್ಕರಲ್ಲಿ ಒಂದು ಕಾಲೆಳೆದರೆ ಮೂರೂ ಕುಂಟುತ್ತವೆ. ಕೊನೆಗೆ ಲಿಥಿಯಂ, ಕೈಗೆ ತೂಕವೇ ಇಲ್ಲ, ಒಳಗೆ ಏನೂ ಇಲ್ಲವೇನೋ ಅನ್ನಿಸುವಂಥವು, ಬೀಳಿಸಿ ನೋಡಿದರೆ ಹೌದೂ ಅನ್ನಲಿಲ್ಲ ಇಲ್ಲವೂ ಅನ್ನಲಿಲ್ಲ. ಆ ದಿನ ಓಡಿತು, ಮರುದಿನ ಓಡಿತು, ಆ ಸೊಪ್ಪು ಸಾರಾಗಿ ಮುಗಿದು ಬೇರೆ ಸೊಪ್ಪು ಬಂದರೂ ಹಿಂದೆ ಅದೇ ಕೆಂಪು, ಅಷ್ಟೇ ಕೆಂಪು, ಮಗ ಬಸ್ಸಿನ ಡ್ಯೂಟಿ ಮುಗಿಸಿ ಬಂದು ತಣ್ಣೀರಿಗೆ ಬಾಗಿಲು ತೆಗೆದವನು, ಅಮ್ಮಾ, ನೀವಿಬ್ರೂ ಸೇರಿ ನನ್ನನ್ನೂ ಒಂದಿನ ಇದರೊಳಗಿಟ್ಟು ನೋಡ್ತೀರಾ ಹೇಗೆ? ಸೊಸೆ ನಕ್ಕು, ನಿಮಗೆ ಪರೀಕ್ಷೆ ಬೇಡ, ನೀವು ಚಳಿಗೆ ಸ್ನಾನಾನೇ ಬಿಡ್ತೀರಿ.

ತಾನು ನಗಲಿಲ್ಲ. ಸೋತ ಸಿಟ್ಟು ಇತ್ತು, ಇಲ್ಲ ಅನ್ನುವುದೇಕೆ. ನೋಡಮ್ಮಾ, ನನ್ನ ಸೆಲ್ಲು ಹೋಗುವ ಮುಂಚೆ ಹೇಳುತ್ತೆ, ಮಂಕಾಗುತ್ತೆ, ನಿನ್ನದು ಕೊನೆವರೆಗೂ ನಗ್ತಾ ಇದ್ದು ಥಟ್ಟಂತ ಹೋಗುತ್ತೆ, ಹೇಳದೆ ಕೇಳದೆ. ಸೊಸೆ ಲೋಟ ಕೆಳಗಿಟ್ಟು, ಹೌದು ಅತ್ತೆ, ಅಲ್ಲಿ ನಿಂತಾಗ ಅದು ಮುಂಚೆ ಹೇಳಿದ್ರೆ ನೀವು ಏನು ಮಾಡ್ತೀರಿ? ನೋಡ್ತಾ ನಿಲ್ತೀರಿ ಅಷ್ಟೆ. ನೋಡ್ತಾ ನಿಲ್ಲುವುದು — ಅವಳಿಗೆ ಗೊತ್ತಿಲ್ಲ ಅದು ಎಲ್ಲಿ ತಾಗಿತೆಂದು, ಅಥವಾ ಗೊತ್ತಿತ್ತೇನೋ, ಅವಳ ಮಾವನ, ತನ್ನ ಗಂಡನ ಕಥೆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ, ಸೌಂಡಿನವನು, ಒಂದು ಸೂಜಿ ಬಿದ್ದರೂ ಯಾರ ಜೇಬಿಂದ ಬಿತ್ತು ಅಂತ ಹೇಳುತ್ತಿದ್ದವನು, ಅವನ ಕಿವಿ ಒಂದೇ ಸಲಕ್ಕೆ ಹೋಗಲಿಲ್ಲ, ಮಾಮೂಲಿ ಸೆಲ್ಲಿನ ಹಾಗೆ ಚೂರು ಚೂರೇ, ಮೊದಲು ಎಲೆ ಅಲುಗುವುದು ಹೋಯಿತು, ಆಮೇಲೆ ದೂರದ ರೈಲು, ಆಮೇಲೆ ತನ್ನ ಮಾತು. ಸೆಟ್ಟಿನಲ್ಲಿ ಎಲ್ಲರಿಗೂ ಕಂಡಿತ್ತು, ಯಾರೂ ಬಾಯಿ ಬಿಡಲಿಲ್ಲ, ತಾನು ಮಾಡಿದ್ದೆಂದರೆ ಆಗಿನ ಮರದ ಕ್ಲ್ಯಾಪನ್ನು ಜೋರಾಗಿ ಹೊಡೆದದ್ದು, ಕೈ ಉರಿಯುವ ಹಾಗೆ, ಅದೊಂದು ಅವನಿಗೆ ಕೊನೆಯವರೆಗೂ ಕೇಳುತ್ತಿತ್ತು, ಹೆಡ್‌ಫೋನಿನೊಳಗಿಂದ ತಲೆ ಎತ್ತಿ ನಗುತ್ತಿದ್ದ, ಆ ನಗುವಿಗೆಂದೇ ಈಗಲೂ ಕ್ಲ್ಯಾಪ್ ಬಿಟ್ಟಿಲ್ಲ. ಮುಂಚೆ ಹೇಳಿ ಹೋದ ಕಿವಿಗೆ ಯಾರು ಏನು ಮಾಡಿದರು? ನಿನ್ನದನ್ನೇ ಹಾಕಮ್ಮ, ಅಂದಿದ್ದಳು ಅವತ್ತು. ಬಾಯಲ್ಲಿ ಅಂದಿದ್ದಳು. ಮನಸ್ಸು ಒಪ್ಪಿರಲಿಲ್ಲ, ಇವತ್ತು ಹೊರಡುವಾಗ ಸ್ವೆಟರಿನ ಒಳಜೇಬಿಗೆ ತನ್ನ ಸೆಲ್ಲುಗಳನ್ನು ಇಳಿಸಿಕೊಂಡೇ ಬಂದಳು, ಮೈಶಾಖದಲ್ಲಿ ಇರಲಿ ಎಂದು.

ಇನ್ನೂ ಬಿದ್ದಿಲ್ಲ ಚಿಮಣಿ. ಗಾಳಿ ಎದ್ದಿದೆ, ಬಯಲಿನ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟಿದೆ, ಬೋರ್ಡಿನ ಅಂಚು ಕೆನ್ನೆಗೆ ತಾಗಿದರೆ ಸುಡುವಷ್ಟು ತಣ್ಣಗೆ, ಫ್ರಿಜ್ಜು ಇದರ ಮುಂದೆ ಒಲೆ. ಅಂಕಿ ನೋಡಿದಳು, ಕೆಂಪಗಿದೆ, ಆದರೆ ಅದು ಕೊನೆವರೆಗೂ ಕೆಂಪಗೇ ಇರುವ ಜಾತಿ, ನಂಬುವುದು ಹೇಗೆ, ಈಗ ಆರಿದರೆ, ಈಗ, ಮದ್ದು ಸಿಡಿಸುವ ಮುಂಚಿನ ಸೈರನ್ನಿನ ಜೊತೆಗೇ — ಸೊಸೆಯ ಮುಖ ಕಣ್ಣಮುಂದೆ ಬಂತು, ಕೈ ತಾನಾಗಿಯೇ ಒಳಜೇಬಿಗೆ ಹೋಯಿತು, ಸೆಲ್ಲುಗಳು ಬೆಚ್ಚಗಿವೆ, ಮೊಟ್ಟೆಯ ಹಾಗೆ, ಬೆರಳಲ್ಲಿ ಒಂದಕ್ಕೊಂದು ತಾಗಿದವು. ಬದಲಿಸಿದರೆ ಹೊತ್ತು ಮರೆಯುತ್ತದೆ, ಗೊತ್ತು, ಆದರೆ ಇನ್ನೂ ಮದ್ದಿನವರು ಒಳಗೇ ಇದ್ದಾರಲ್ಲ, ಓಡಿಹೋಗಿ ಸುತ್ತುಹಾಕಿ ತುಂಬಿಸಿಕೊಂಡು ಬಂದರೆ, ಈ ಕಾಲಿನಲ್ಲಿ ಓಡುವುದೇ, ಕಾವಲಿನವರು ಬಿಡುವರೇ — ಬೋರ್ಡಿನ ಜೊತೆ ಎದೆಗೊತ್ತಿ ಹಿಡಿದಿದ್ದ ವಾಕಿಟಾಕಿ ಗರಗರ ಅಂದಿತು. ಅತ್ತೆ. ಸೊಸೆಯ ದನಿ, ಮೆಲ್ಲಗೆ, ಅಡುಗೆಮನೆಯಲ್ಲಿ ಕರೆದ ಹಾಗೆ. ಅತ್ತೆ, ಜೇಬಿಂದ ಕೈ ತೆಗೀರಿ.

ಬೆಚ್ಚಿ ಸುತ್ತ ನೋಡಿದಳು, ಚಿಮಣಿಯಾಚೆ ಗೋಡೆ, ಗೋಡೆಯಾಚೆ ಅವಳು, ಕಾಣುವ ಮಾತೇ ಇಲ್ಲ. ನಿಂಗೆ ಹೇಗೆ ಗೊತ್ತಾಯ್ತೇ? ವಾಕಿಟಾಕಿ ಬಟನ್ ಮೇಲೆ ನಿಮ್ಮ ಹೆಬ್ಬೆರಳು ಕೂತುಬಿಟ್ಟಿತ್ತು ಅತ್ತೆ, ಈಗಷ್ಟೇ ಜರುಗ್ತು, ಚಳಿಗೆ ನಿಮಗೆ ಗೊತ್ತಾಗಿಲ್ಲ, ಸೆಲ್ಲು ಸೆಲ್ಲಿಗೆ ತಾಗಿದ್ದು ಕೇಳಿಸ್ತು, ಮಾಮೂಲಿದು, ಅಂಗಡೀದು. ಕೇಳಿಸಿತಂತೆ! ಉಣ್ಣೆಯ ಒಳಗಿನ ಜೇಬಿನಲ್ಲಿ ಸೆಲ್ಲು ತಾಗಿದ್ದು, ಈ ಗಾಳಿಯಲ್ಲಿ, ಯಾವ ಸೆಲ್ಲೆಂದೂ ಸಮೇತ — ಅತ್ತೆಗೆ ನಗು ಉಕ್ಕಿ ಬಂತು, ಕಣ್ಣೂ ತುಂಬಿತು, ಸೂಜಿ ಯಾರ ಜೇಬಿಂದ ಬಿತ್ತೆಂದು ಹೇಳುತ್ತಿದ್ದ ಕಿವಿ, ಮಣ್ಣಿಗೆ ಹೋಯಿತೆಂದುಕೊಂಡಿದ್ದ ಕಿವಿ, ತನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಬರಲಿಲ್ಲ, ಯಾರದೋ ಮನೆಯಲ್ಲಿ ಹುಟ್ಟಿ ಬೆಳೆದು ತನ್ನ ಹೊಸಿಲು ದಾಟಿ ಬಂತು, ಇಂಥವಳು ಆರಿಸಿದ ಸೆಲ್ಲಿಗೆ ತಾನು ಕಾವಲೇ, ಥೂ. ಅರ್ಜೆಂಟಪ್ಪಾ, ಬಾ ಇಲ್ಲಿ, ಕೈ ಚಾಚು, ತಗೋ, ಬಿಸಿಬಿಸಿ ಇದೆ, ನಿನ್ನ ಟಾರ್ಚಿಗೆ ಹಾಕ್ಕೋ. ಇದೇನತ್ತೆ, ಇವು ಬೇಡ್ವಾ ನಿಮಗೆ? ನನ್ನ ಸೊಸೆ ಆರಿಸಿದ್ದಿದೆ ಕಣಪ್ಪ ನನ್ನ ಹತ್ತಿರ. ಖಾಲಿ ಜೇಬು ಎಷ್ಟು ಹಗುರ, ಆ ಲಿಥಿಯಮ್ಮಿನ ಹಾಗೆ.

ಮದ್ದಿನವರು ಹೊರಗೆ ಬಂದರು, ಸೈರನ್ನು ಕೂಗಿತು, ಕ್ಯಾಮೆರಾ ಓಡಲೆಂದು ಯಾರೋ ರೋಲ್ ಅಂದರು, ಅತ್ತೆ ಕ್ಯಾಮೆರಾಗಳ ಮುಂದೆ ಬೋರ್ಡು ಎತ್ತಿ ಹಿಡಿದಳು, ಬೆನ್ನು ನೆಟ್ಟಗೆ, ಯಾವತ್ತೂ ಇಷ್ಟು ನೆಟ್ಟಗೆ ನಿಂತವಳಲ್ಲ, ಸೊಸೆಗೆ ಇಲ್ಲಿಂದ ಕೇಳುವುದಿಲ್ಲವೆಂದು ಗೊತ್ತು, ಗೊತ್ತಿದ್ದೂ ಕೈ ಹಳೆಯ ರೂಢಿಯಲ್ಲಿ ಬೀಸಿತು, ಕೈ ಉರಿಯುವ ಹಾಗೆ, ಟಪ್ — ಅಂಕಿ ನಿಂತಿತು, ಹೊಡೆದರೆ ಅಲ್ಲಿಗೇ ನಿಲ್ಲುವುದು ಅದರ ಗುಣ, ಬೆನ್ನ ಹಿಂದೆ ನೆಲ ಗುಡುಗಿತು, ಜನ ಹೋ ಎಂದರು, ಧೂಳು ಬಂದು ಕೈ ಮುಚ್ಚಿತು, ತೋಳು ಮುಚ್ಚಿತು, ಅವಳು ಚಿಮಣಿಯ ಕಡೆ ತಿರುಗಲಿಲ್ಲ, ಬೋರ್ಡನ್ನು ತನ್ನ ಕಡೆ ತಿರುಗಿಸಿಕೊಂಡು ನೋಡುತ್ತಿದ್ದಳು, ಧೂಳಿನ ಹಿಂದೆ, ಸೊಪ್ಪಿನ ಕಟ್ಟಿನ ಹಿಂದೆ ಇದ್ದ ಹಾಗೆಯೇ, ಒಂದೂ ಅಲುಗದೆ, ಕೆಂಪಗೆ, ಅಷ್ಟೇ ಕೆಂಪಗೆ —