ಮಾದಿ ಕೊಳವೆಗೆ ಸಿಪ್ಪೆ ತುರುಕಿದ್ದು ಯಾಕೆ?

ಕರ್ಕಿಯ ಹತ್ತಿರದ ಒಂದು ಕೊಪ್ಪದಲ್ಲಿ, ನಾಲ್ಕಾರು ಮನೆಗಳ ಕೇರಿಯಲ್ಲಿ, ಮಾದಿ ಎಂಬ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹುಲ್ಲು ಹೊದೆಸಿದ ಮನೆ, ಹಿಂದೆ ಒಂದು ತುಂಡು ತರಕಾರಿ ಹಿತ್ತಿಲು, ಇಷ್ಟೇ ಅವಳ ಸಂಸಾರ. ಆದರೂ ಮೊದಲೆಲ್ಲ ಅವಳ ಜಗುಲಿ ಖಾಲಿ ಇರುತ್ತಿರಲಿಲ್ಲ. ನಾಟಿಯ ಗದ್ದೆಯಲ್ಲಿ ಹಾಡು ಎತ್ತುವವಳು ಅವಳೇ. ಅವಳು ಒಂದು ಸಾಲು ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು.

ಆಮೇಲೆ ಕೆಮ್ಮು ಬಂತು. ಹಾಡಿನ ಅರ್ಧದಲ್ಲೇ ಕೆಮ್ಮು ಒತ್ತಿಕೊಂಡು ಬರುವುದು, ಮಾದಿ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂರುವುದು. “ಮಾದಿಗೆ ಕ್ಷಯವಂತೆ” ಎಂಬ ಮಾತು ಎದ್ದಿತು. ಮೊದಲು ಹೇಳಿದವರು ಯಾರೋ, ದೇವರಿಗೇ ಗೊತ್ತು.

“ಬೆಂಕಿ ಇಲ್ದೆ ಹೊಗೆ ಆಡ್ತದ?” ಅಂದಳು ಆಚೆಮನೆ ಹನುಮಕ್ಕ.

ಅಷ್ಟು ಸಾಕಾಯಿತು. ಜಗುಲಿಗೆ ಬರುತ್ತಿದ್ದವರು ಬೇಲಿಯಾಚೆಯಿಂದಲೇ ಮಾತು ಮುಗಿಸತೊಡಗಿದರು. ಕೊನೆಗೆ ಅದೂ ನಿಂತಿತು. ಗದ್ದೆಗೆ ಕರೆದರೂ ಅವಳನ್ನು ಸಾಲಿನ ತುದಿಯಲ್ಲಿ ನಿಲ್ಲಿಸುತ್ತಿದ್ದರು. ಹಾಡನ್ನು ಬೇರೆ ಯಾರೋ ಎತ್ತುತ್ತಿದ್ದರು. ಮಾದಿ ಒಲೆಯ ಮುಂದೆ ಕೂತು ಅನ್ನದ ಮಡಕೆಯ ಹತ್ತಿರವೇ ಮಾತಾಡುತ್ತಿದ್ದಳು. ಮಡಕೆ ಕುದಿಯುತ್ತಿತ್ತೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಕೆಮ್ಮನ್ನು ಹೇಗೋ ಸಹಿಸಬಹುದಾಗಿತ್ತು, ಆ ಒಂಟಿತನವನ್ನು ಸಹಿಸಲು ಅವಳಿಂದ ಆಗುತ್ತಿರಲಿಲ್ಲ.

ಒಂದು ಎಳೆ ಮಾತ್ರ ಉಳಿದಿತ್ತು, ಅದು ಬೀಜದ್ದು. ಮೊಗೆಕಾಯಿ, ಹೀರೆ, ಹಾಗಲ ಎಲ್ಲದರ ಬೀಜವನ್ನೂ ಮಾದಿ ಗಂಟು ಕಟ್ಟಿ ಒಲೆಯ ಮೇಲೆ ಹೊಗೆಯಲ್ಲಿ ತೂಗುಹಾಕುತ್ತಿದ್ದಳು. ಅವಳ ಬೀಜಕ್ಕೆ ಹುಳ ಬಿದ್ದದ್ದಿಲ್ಲ, ಹುಟ್ಟದೆ ಹೋದದ್ದಿಲ್ಲ. ಹಾಗಾಗಿ ಮಳೆ ಹಿಡಿಯುವ ಮೊದಲು ಕೊಪ್ಪದ ಹೆಂಗಸರು ಬರುತ್ತಿದ್ದರು. ಅಂಗಳದಲ್ಲೇ ನಿಂತು ಕೂಗುವರು. ಮಾದಿ ಗಂಟನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುವಳು. ಅವರು ಎತ್ತಿಕೊಂಡು ಹೋಗುವರು. ಅಷ್ಟಕ್ಕಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳು.

ಹೀಗಿರುವಾಗ ಬ್ಲಾಕ್ ಆಫೀಸಿನಿಂದ ಹೊನ್ನಮ್ಮ ಎಂಬ ಹೊಸ ಗ್ರಾಮಸೇವಕಿ ಬಂದಳು. ಕುಮಟೆಯ ಹುಡುಗಿ, ಕೊಪ್ಪದವರಿಗೆ ‘ಅಕ್ಕೋರು’. ಊರಿನವರು ಬೇಡವೆಂದರೂ ಕೇಳದೆ ನೆಟ್ಟಗೆ ಮಾದಿಯ ಅಡುಗೆಮನೆಗೇ ನುಗ್ಗಿದಳು. ಎರಡು ಗಳಿಗೆಯಲ್ಲಿ ಅವಳ ಕಣ್ಣಲ್ಲೂ ನೀರು, ಗಂಟಲಲ್ಲೂ ಕೆಮ್ಮು.

“ಮಾದಿ, ಇಲ್ಲಿ ಕೂತರೆ ನನಗೂ ಕ್ಷಯ ಅಂತಾರೆ ನಿನ್ನ ಊರಿನವರು! ನಾಳೆ ಹೊನ್ನಾವರದ ಆಸ್ಪತ್ರೆಗೆ ಹೋಗುವ, ಬಾ.”

ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು, ಎದೆ ನೋಡಿದರು. ಕ್ಷಯ ಇರಲಿಲ್ಲ. ಹಸಿ ಸೌದೆ, ತರಗೆಲೆ, ತೆಂಗಿನ ಮಡಲು, ಇವುಗಳ ಹೊಗೆ ವರ್ಷಗಟ್ಟಲೆ ಎದೆಗೆ ಹೋಗಿ ಕೆಮ್ಮು ಹಿಡಿದಿತ್ತು. ಔಷಧಿ ಕೊಟ್ಟ ಡಾಕ್ಟರು, ಹೊಗೆ ತಪ್ಪದಿದ್ದರೆ ಕೆಮ್ಮೂ ತಪ್ಪದು ಎಂದರು.

ಹೊನ್ನಮ್ಮ ಇದನ್ನು ಕೊಪ್ಪದಲ್ಲಿ ಸಾರಿ ಹೇಳಿದಳು. “ಡಾಕ್ಟ್ರು ಹೇಳ್ದ್ರೆ ಆತ? ಕೆಮ್ಮು ನಿಂತದ್ಯ?” ಎಂದು ಹನುಮಕ್ಕ ಮುಖ ತಿರುಗಿಸಿದಳು. ಊರ ಬಾಯಿಗೆ ಮುಚ್ಚಳ ಉಂಟೇ? ಮಾದಿಗೆ ಜನ ಬೇಕಾದರೆ ಮೊದಲು ಕೆಮ್ಮು ನಿಲ್ಲಬೇಕಾಗಿತ್ತು.

“ಸರ್ಕಾರದ ಇಂಧನ ಸಂಶೋಧನಾ ಕೇಂದ್ರ ಅಂತ ಒಂದಿದೆ” ಎಂದಳು ಹೊನ್ನಮ್ಮ. “ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸೋದು ಹೇಗೆ, ಹೊಗೆ ಹೊರಗೆ ಕಳಿಸೋದು ಹೇಗೆ ಅಂತ ಅಲ್ಲಿ ಒಲೆ ಕಟ್ಟಿ, ಉರಿಸಿ, ನೋಡ್ತಾರೆ.”

“ಒಲೆ ನೋಡೂಕೂ ಒಂದು ಆಫೀಸ? ನಾಳೆ ಒರಳಿಗೂ ಒಂದು ತೆಗೀತ್ರು ಅಕ್ಕೋರೆ!” ಮಾದಿ ನಕ್ಕಳು. ನಗು ಕೆಮ್ಮಾಯಿತು.

ಹೊನ್ನಮ್ಮ ಕೇಂದ್ರಕ್ಕೆ ಬರೆದಳು, ದೀಪಾವಳಿ ಕಳೆದ ಮೇಲೆ ಒಲೆ ಬಂತು. ಅದೇ ಕೊಪ್ಪದ ಮಣ್ಣು, ಎರಡು ಬಾಯಿ, ಹಿಂದೆ ಕುಂಬಾರ ಸುಟ್ಟ ಕೊಳವೆ. ಕೊಳವೆ ಹುಲ್ಲಿಗೆ ತಾಗದ ಹಾಗೆ ಗೋಡೆಯಿಂದ ಹೊರಬಿದ್ದು, ಮನೆಯ ಮಾಡಿಗಿಂತ ಎತ್ತರಕ್ಕೆ ಏರಿತ್ತು. ಅಡುಗೆಮನೆ ಮೊದಲ ಬಾರಿಗೆ ಮೂಲೆಯವರೆಗೂ ಕಂಡಿತು. ಕೆಮ್ಮೂ ಇಳಿಯುತ್ತ ಬಂತು.

ಆದರೆ ಸ್ವಲ್ಪ ದಿನಕ್ಕೇ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. “ನಾ ಹೇಳ್ಳಿಲ್ವ?” ಎಂದಳು ಹನುಮಕ್ಕ.

ಒಲೆ ಕಟ್ಟಿಸಿ ಕೈ ತೊಳೆದುಕೊಳ್ಳುವುದು ಆ ಕೇಂದ್ರದ ಪದ್ಧತಿಯಾಗಿರಲಿಲ್ಲ. ಕಟ್ಟಿದ್ದು ಸರಿಯಾಗಿ ಉರಿಯುತ್ತದೆಯೋ ಇಲ್ಲವೋ ನೋಡಲು ಅಲ್ಲಿಂದ ಕಮಲಾಕರ ಎಂಬ ಅಧಿಕಾರಿ ಬಂದರು. ಹೊನ್ನಮ್ಮನೂ ಜೊತೆಗಿದ್ದಳು. ಮನೆ ತುಂಬ ಹೊಗೆ. ಕಮಲಾಕರರು ಏಣಿ ಹತ್ತಿ ಕೊಳವೆಯೊಳಗೆ ಕೈ ಹಾಕಿದರೆ ತೆಂಗಿನಕಾಯಿ ಸಿಪ್ಪೆ ಕೈಗೆ ಬಂತು, ಬಿಗಿಯಾಗಿ ತುರುಕಿದ್ದು.

“ಯಾರಮ್ಮ ಇದನ್ನ ತುರುಕಿದ್ದು?”

ಮಾದಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನಾನೇ, ಒಡೆಯಾ.”

“ಕೆಮ್ಮು ಕಡಿಮೆ ಆಗಿತ್ತಲ್ಲೇ ಮಾದಿ! ಎಂತಕ್ಕೆ ಹಿಂಗೆ ಮಾಡ್ದೆ?” ಹೊನ್ನಮ್ಮನಿಗೆ ಸಿಟ್ಟೇ ಬಂತು.

“ಬೀಜಕ್ಕೆ ಹೊಗೆ ಬೇಕು ಅಕ್ಕೋರೆ. ಹೊಗೆ ತಾಗ್ದೆ ಇದ್ರೆ ಹುಳ ತಿಂತದೆ. ಬೀಜ ಹುಟ್ಲಿಲ್ಲ ಅಂದ್ರೆ ನನ್ನ ಅಂಗಳಕ್ಕೆ ಯಾರು ಬತ್ರು? ವರ್ಷಕ್ಕೊಂದು ಸಲ ಬತ್ರು. ಅದೂ ಹೋದ್ರೆ ನಾ ಯಾರ ಮುಖ ನೋಡ್ಲಿ?”

ಹೊನ್ನಮ್ಮನ ಸಿಟ್ಟು ಅಲ್ಲೇ ಇಳಿಯಿತು. ಕಮಲಾಕರರು ಏಣಿಯಿಂದ ಇಳಿದು ಬೀಜದ ಗಂಟುಗಳನ್ನು ತಿರುಗಿಸಿ ನೋಡಿದರು.

“ಅಮ್ಮಾ, ಒಲೆ ಕಟ್ಟುವಾಗ ನಾವು ಇದನ್ನು ಕೇಳಬೇಕಿತ್ತು, ಕೇಳಲಿಲ್ಲ. ಅರ್ಧ ಬೀಜ ನನಗೆ ಕೊಡಿ, ಕೇಂದ್ರದಲ್ಲಿ ಇಟ್ಟು ನೋಡ್ತೇವೆ. ದಾರಿ ಸಿಕ್ಕಿದರೆ ಮಳೆಗೆ ಮೊದಲೇ ಬಂದು ಹೇಳ್ತೇನೆ. ಅಲ್ಲಿಯವರೆಗೆ ಕೊಳವೆ ಮಾತ್ರ ಮುಚ್ಚಬೇಡಿ.”

ಮಾದಿ ಗಂಟುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಆಮೇಲೆ ಗಂಟು ಬಿಚ್ಚಿ ಅರ್ಧ ಕೊಟ್ಟಳು. ಅವಳ ಮಟ್ಟಿಗೆ ಅದು ಸಣ್ಣ ಧೈರ್ಯವಲ್ಲ.

ಬೇಸಿಗೆಯ ಕೊನೆಗೆ ಕಮಲಾಕರರು ಮಾತಿನಂತೆ ಬಂದರು. ಕೇಂದ್ರದಲ್ಲಿ ಕೆಲವು ಬೀಜವನ್ನು ಹೊಗೆಯಲ್ಲಿ, ಕೆಲವನ್ನು ಹೊಗೆಯಿಲ್ಲದ ಬೆಚ್ಚಗಿನ ಜಾಗದಲ್ಲಿ ಇಟ್ಟು ನೋಡಿದ್ದರು. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಬೆಚ್ಚಗಿಟ್ಟ ಬೀಜವೂ ಹುಳ ಬೀಳದೆ ಉಳಿದಿತ್ತು, ಬಿತ್ತಿದಾಗ ಹುಟ್ಟಿತ್ತು. ಹೊನ್ನಮ್ಮ ಕೊಳವೆಯ ಪಕ್ಕದ ಬೆಚ್ಚಗಿನ ಗೋಡೆಯಲ್ಲಿ ಒಂದು ಗೂಡು ಮಾಡಿಸಿ, ಮಾದಿಯ ಹತ್ತಿರ ಉಳಿದ ಬೀಜಕ್ಕೂ ಬೂದಿ ಬೆರೆಸಿ ಅಲ್ಲಿಡಿಸಿದಳು. ಇನ್ನು ಮೇಲೆ ಕೇಂದ್ರದವರು ಕಟ್ಟುವ ಒಲೆಗಳಿಗೆಲ್ಲ ಈ ಗೂಡು ಸೇರುತ್ತದೆ ಎಂದರು ಕಮಲಾಕರರು.

ಮೋಡ ಕಟ್ಟಿತು. ಹನುಮಕ್ಕ ಅಂಗಳಕ್ಕೆ ಬಂದು ನಿಂತಳು.

“ಮಾದೀ, ಮೊಗೆಬೀಜ ಇತ್ತನೇ? ಹೊಗೆ ತಾಗದ ಬೀಜವಂತೆ. ಹುಟ್ತದ ಅದು?”

“ತಕಂಡು ಹೋಗು ಹನುಮಕ್ಕ. ಹುಟ್ಲಿಲ್ಲ ಅಂದ್ರೆ ಬೈಯೂಕಾದ್ರೂ ಬಾ.”

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಹನುಮಕ್ಕ ಮಳೆಗೆ ಎಲೆಯ ಗೊರಬು ಹೊದ್ದುಕೊಂಡು ಮತ್ತೆ ಬಂದಳು. ಅಂಗಳದಲ್ಲಿ ನಿಲ್ಲಲಿಲ್ಲ. ಜಗುಲಿ ದಾಟಿ ಅಡುಗೆಮನೆಗೇ ಬಂದಳು, ಮುಖ ಕೆಂಪಾಗಿತ್ತು.

“ಎಂತ? ಹುಟ್ಲಿಲ್ವನೇ?” ಮಾದಿ ಒಲೆಯ ಮುಂದಿನಿಂದ ಎದ್ದಳು.

“ಎಲ್ಲಾ ಹುಟ್ತು. ನೀ ಕೆಮ್ಮೂದು ಕೇಳ್ದೆ ಎಷ್ಟು ದಿನ ಆತು! ವಾಸಿ ಆತು ಅಂತ ನಂಗೊಂದು ಮಾತು ಹೇಳ್ಬಾರ್ದಾಗಿತ್ತನೇ?”

“ಹೇಳೂಕೆ ಯಾರು ಬಂದಿದ್ರು, ಹನುಮಕ್ಕ?”

ಹನುಮಕ್ಕ ಗೊರಬು ತೆಗೆದು ಗೋಡೆಗೆ ಒರಗಿಸಿದಳು. ಒಲೆಯ ಮುಂದೆ ಕುಕ್ಕರಿಸಿ ಕೂತಳು. ಮಾದಿಯೂ ಪಕ್ಕದಲ್ಲಿ ಕೂತಳು. ಗಂಜಿ ಕುದಿಯುತ್ತಿತ್ತು. ಇಬ್ಬರೂ ಅಳುತ್ತಿದ್ದರು, ಹೊಗೆಯ ಮೇಲೆ ಹಾಕೋಣವೆಂದರೆ ಆ ಮನೆಯಲ್ಲಿ ಹೊಗೆಯೇ ಇರಲಿಲ್ಲ.

ಆ ವರ್ಷ ಹನುಮಕ್ಕನ ಮನೆಯಲ್ಲೂ ಹೊಸ ಒಲೆ ಕಟ್ಟಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನೆರೆಯಲ್ಲಿ ಯಾರಾದರೂ ಕೆಮ್ಮುತ್ತಿದ್ದರೆ ಹೆಸರಿಟ್ಟು ದೂರ ಸರಿಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕ್ಷಯವೇ ಆಗಿದ್ದರೂ ಅದಕ್ಕೆ ಔಷಧಿ ಉಂಟು. ಹೊಗೆಯಾಗಿದ್ದರೆ ಗ್ರಾಮಸೇವಕಿಗೆ ಹೇಳಿ ಒಲೆ ಕಟ್ಟಿಸಿಕೊಳ್ಳಿ, ಕೊಳವೆಯ ಮಸಿ ಆಗಾಗ ತೆಗೆಯಿರಿ. ಒಲೆ ನಿಮ್ಮ ಮನೆಗೆ ಹೊಂದದಿದ್ದರೆ ಸಿಪ್ಪೆ ತುರುಕಬೇಡಿ, ಬಾಯಿಬಿಟ್ಟು ಹೇಳಿ. ನಿಮ್ಮ ಅಡುಗೆಮನೆಯ ತೊಂದರೆ ಕೇಳಿ ಸರಿಪಡಿಸುವುದಕ್ಕೇ ಆ ಕೇಂದ್ರ ಇರುವುದು. ಕೆಟ್ಟ ಒಲೆಯನ್ನು ಅದು ತಿದ್ದಿಕೊಟ್ಟೀತು. ಆದರೆ ಮಾದಿ ಮಡಕೆಯ ಜೊತೆ ಮಾತಾಡುತ್ತ ಕಳೆದ ವರ್ಷಗಳನ್ನು ಯಾವ ಕೇಂದ್ರವೂ ತಿರುಗಿ ಕೊಡಲಾರದು. ಇವತ್ತೇ ಎದ್ದು ಆಚೆಮನೆಯ ಜಗುಲಿ ಹತ್ತಿ.