ಕಾವಿನ ಪೆಟ್ಟಿಗೆ

ಫೋನು ಬಂದಾಗ ಸೊಸೆಯ ಕೈಯಲ್ಲಿ ಮೊಟ್ಟೆಯಿತ್ತು. ಕಾವಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದೊಂದೇ ಮೊಟ್ಟೆಯ ಮಗ್ಗುಲು ಬದಲಿಸುತ್ತಿದ್ದಳು. ಗಂಡ ಬೆಳಿಗ್ಗೆ ಹೊರಡುವಾಗ ಒಪ್ಪಿಸಿಹೋದ ಕೆಲಸ ಅದು. ಸೈಕಲ್ಲಿನ ಬಿಡಿಭಾಗ ತರಲು ಪೇಟೆಗೆ ಹೋಗಿದ್ದವನು ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಲ್ಲೇ ಒರಗಿದನಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಹೇಳುತ್ತಿದ್ದ ದನಿ ಪರಿಚಯದ್ದಲ್ಲ. ಅವಳು "ಹೂಂ" ಎಂದಳು. ಕೈಯಲ್ಲಿದ್ದ ಮೊಟ್ಟೆಯನ್ನು ತಿರುಗಿಸಿಯೇ ಇಟ್ಟಳು, ಉಳಿದವನ್ನೂ ತಿರುಗಿಸಿದಳು, ಮುಚ್ಚಳ ಹಾಕಿದಳು. ಆಮೇಲೆ ಗೋಡೆ ಹಿಡಿದು ಕುಸಿದಳು.

ಆ ಪೆಟ್ಟಿಗೆ ಅವನ ಹೊಸ ಹುಚ್ಚು. ಮನೆಯ ಕೋಳಿ ಎರಡು ಸಲ ಅರ್ಧಕ್ಕೇ ಕಾವು ಬಿಟ್ಟು ಎದ್ದುಹೋಗಿತ್ತು. ಅದರ ಮೇಲಿನ ಸಿಟ್ಟಿಗೆ ಅವನು ಅಗ್ಗದ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತರಿಸಿದ್ದ. ಒಳಗೆ ಒಂದು ಬಲ್ಬು, ಅಂಗೈಯಗಲದ ಫ್ಯಾನು, ತೇವಕ್ಕೊಂದು ನೀರಿನ ಬಟ್ಟಲು. ಮುಚ್ಚಳದಲ್ಲಿ ಇಣುಕಲು ಒಂದು ಗಾಜು, ಸುತ್ತ ಬೆರಳು ತೂರುವಷ್ಟು ಕಿಂಡಿಗಳು. ಎದುರುಮನೆಯ ದರ್ಜಿಯಾಕೆ ಬಾಗಿಲಲ್ಲೇ ನಿಂತು ನಕ್ಕಿದ್ದಳು. "ಕೋಳಿ ಕೂರಲಿಲ್ಲ ಅಂತ ಡಬ್ಬಿ ಕೂರಿಸಿದ್ಯಲ್ಲೋ ಮಹಾರಾಯ! ನಾಳೆ ಅಡುಗೆಗೂ ಒಂದು ಡಬ್ಬಿ ತರ್ತೀಯೇನೋ!" ಅವನು ತಲೆಯೆತ್ತದೆ, "ಕೋಳಿ ಕುಕ್ಕತ್ತೆ ಅಕ್ಕ, ಇದು ಕುಕ್ಕಲ್ಲ" ಎಂದಿದ್ದ.

ಈಗ ಬಂದವರೆಲ್ಲ ಬಂದು ಹೋಗಿದ್ದರು. ಮನೆಯಲ್ಲಿ ಉಳಿದವರು ಸೊಸೆ, ಅತ್ತೆ, ಮತ್ತು ರಜೆ ಹಾಕಿ ಬಂದಿದ್ದ ಅವನ ಅಣ್ಣ, ಅಂದರೆ ಕರೆಂಟು ಕಚೇರಿಯಲ್ಲಿ ಮೀಟರು ನೋಡುವ ಕೆಲಸದ ಅವಳ ಭಾವ. ಮಣ್ಣು ಮಾಡಿ ಬಂದ ದಿನದಿಂದ ಅತ್ತೆ ಊಟಕ್ಕೆ ಕುಳಿತಿರಲಿಲ್ಲ. ಒಂದು ಲೋಟ ಹಾಲು, ಒಂದಿಷ್ಟು ನೀರು, ಮೂರು ಹೊತ್ತೂ ಪ್ರಾರ್ಥನೆ. ಯಾರು ಎಷ್ಟು ಗೋಗರೆದರೂ ಒಂದೇ ಮಾತು: "ನನ್ನ ಮಗ ಇಟ್ಟದ್ದು ಕಣ್ಣು ಬಿಡಲಿ. ಆಮೇಲೆ ಉಣ್ತೀನಿ."

"ಮುದುಕಿ ಜೀವ, ಗಾಳಿಗಿಟ್ಟ ದೀಪ. ಹೇಗಾದರೂ ಮಾಡಿ ಉಣ್ಣಿಸಿ" ಎಂದು ಕಂಪೌಂಡರು ಹೇಳಿಹೋಗಿದ್ದ. ಹೇಗಾದರೂ ಎಂದರೆ ಹೇಗೆ? ಅತ್ತೆಯ ಹಟ ಸೊಸೆಗೆ ಗೊತ್ತು. ನೀರಿನ ಕೊಡ ಎತ್ತುವಾಗ ಆಕೆಯ ಮೊಣಕಾಲು ನಡುಗುವುದನ್ನೂ ಕಂಡಿದ್ದಳು. ಮೊಟ್ಟೆ ಒಡೆಯದೇ ಹೋದರೆ? ಆ ಯೋಚನೆ ಬಂದಾಗಲೆಲ್ಲ ಅವಳು ಹೋಗಿ ಬಟ್ಟಲಿಗೆ ನೀರು ತುಂಬುತ್ತಿದ್ದಳು.

ತಿರುಗಿಸುವ ದಿನಗಳು ಮುಗಿದವು. ಇನ್ನು ಮರಿ ಹೊರಬರುವ ತನಕ ಮುಚ್ಚಳ ತೆಗೆಯುವಂತಿಲ್ಲ. ಸಂಜೆ ಭಾವ ಪೆಟ್ಟಿಗೆಗೆ ಕಿವಿಯಿಟ್ಟವನು ಹಾಗೆಯೇ ನಿಂತುಬಿಟ್ಟ. "ಕೇಳಿಸ್ಕೋ! ಒಳಗೆ ಟಕಟಕ ಅಂತಿದೆ." ಅತ್ತೆ ತೆವಳಿಕೊಂಡು ಬಂದು ಕಿವಿಯಿಟ್ಟಳು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಒಂದು ಗೆರೆ ಸಡಿಲವಾಯಿತು.

ಮರುದಿನ ಬೆಳಿಗ್ಗೆ ಸೊಸೆ ಗಂಡ ದುಡಿಯುತ್ತಿದ್ದ ಸೈಕಲ್ ಅಂಗಡಿಯ ಬೀಗದ ಕೈ ಕೊಡಲು ಮಾಲೀಕರ ಮನೆಗೆ ಹೋದಳು. ಅಲ್ಲಿ ಅವರು ಕೂರಿಸಿದರು, ಅತ್ತರು, ಅವಳನ್ನೂ ಅಳಿಸಿದರು. ಹಿಂದಿರುಗಿ ಕೋಣೆಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು.

ಪೆಟ್ಟಿಗೆ ಕಾಣುತ್ತಿರಲಿಲ್ಲ. ಗಂಡನ ಕಂಬಳಿಯನ್ನು ಅದರ ಮೇಲೆ ಹೊದಿಸಿ, ನಾಲ್ಕೂ ಕಡೆ ಅಡಿಗೆ ಸಿಕ್ಕಿಸಿ, ಮಗುವನ್ನು ಮಲಗಿಸಿದಂತೆ ಮಲಗಿಸಲಾಗಿತ್ತು. ಅದರ ಮೇಲೆ ಒಂದು ಕೈಯಿಟ್ಟು ಅತ್ತೆ ನೆಲದಲ್ಲೇ ನಿದ್ದೆ ಹೋಗಿದ್ದಳು. ಹೊರಗೆ ಚಳಿಗಾಳಿ ಬೀಸುತ್ತಿತ್ತು.

ಸೊಸೆ ಆ ಕೈಯನ್ನು ಮೆಲ್ಲಗೆ ಎತ್ತಿಟ್ಟು ಕಂಬಳಿ ಎಳೆದಳು. ಗಾಜಿನ ಮೇಲೆ ಬೆವರು ಹರಿಯುತ್ತಿತ್ತು, ಒಳಗೇನೂ ಕಾಣದು. ಒಂದು ಕಿಂಡಿಯೂ ಬಿಡದಂತೆ ಮುಚ್ಚಿತ್ತಲ್ಲ, ಎಷ್ಟು ಹೊತ್ತಿನಿಂದ? ಕಿವಿಯಿಟ್ಟಳು. ಫ್ಯಾನಿನ ಗುಂಯ್ ಸದ್ದು ಬಿಟ್ಟರೆ ಏನಿಲ್ಲ. ಟಕಟಕವಿಲ್ಲ.

ಅಷ್ಟರಲ್ಲಿ ಸ್ನಾನ ಮುಗಿಸಿ ಬಂದ ಭಾವ ಅವಳ ಕೈಯಲ್ಲಿದ್ದ ಕಂಬಳಿ ನೋಡಿದ.

"ಇದನ್ನ ಇದರ ಮೇಲೆ ಯಾರು ಹೊದಿಸಿದ್ದು?"

ಗಡಸು ದನಿಗೆ ಅತ್ತೆ ಎಚ್ಚರಾದಳು. ಕಂಬಳಿ ನೋಡಿದಳು, ಹಿರಿಮಗನ ಮುಖ ನೋಡಿದಳು. ತುಟಿ ಅಲುಗಿತು.

"ನಾನೇ ಭಾವ" ಎಂದಳು ಸೊಸೆ. "ಚಳಿ ಅನ್ನಿಸ್ತು, ಹೊದಿಸ್ದೆ."

"ನಿಂಗೆ ಬುದ್ಧಿ ಎಲ್ಲಿಗೆ ಹೋಗಿತ್ತು? ಕಿಂಡಿ ಇಟ್ಟಿರೋದು ಚಂದಕ್ಕಾ? ಒಳಗಿರೋದು ಉಸಿರಾಡಬೇಕು ಕಣಮ್ಮ! ಮಗು ಮಲಗಿಸೋವಾಗ ಮೂಗು ಕಟ್ಟಿ ಮಲಗಿಸ್ತೀಯಾ? ಅವನು ಅಷ್ಟು ಕಷ್ಟಪಟ್ಟು..." ಟವೆಲಿನಿಂದ ಮುಖ ಒರೆಸಿಕೊಂಡು ಆ ಕಡೆ ತಿರುಗಿದ.

ಸೊಸೆ ಕಂಬಳಿ ಮಡಿಸಿದಳು. ಅತ್ತೆ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟು ಅವನ್ನೇ ನೋಡುತ್ತ ಕುಳಿತಳು.

ಮಧ್ಯಾಹ್ನ ಗಾಜಿನ ಬೆವರು ಆರಿತು. ಮೂಲೆಯ ಮೊಟ್ಟೆಯೊಂದರಲ್ಲಿ ಕೂದಲೆಳೆಯಂಥ ಬಿರುಕು. ಮೂವರೂ ಪೆಟ್ಟಿಗೆಯ ಸುತ್ತ ಕುಳಿತರು. ಬಿರುಕು ಅಗಲವಾಯಿತು, ಕೊಕ್ಕಿನ ತುದಿ ಕಂಡಿತು, ಆಮೇಲೆ ನಿಂತುಹೋಯಿತು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದರೂ ಕೊಕ್ಕು ಮಿಸುಕಲಿಲ್ಲ. ಭಾವನಿಗೆ ತಡೆಯಲಾಗಲಿಲ್ಲ. "ಸಿಪ್ಪೆ ಒಂಚೂರು ಬಿಡಿಸಿಬಿಡ್ತೀನಿ, ಸುಸ್ತಾಗಿದೆ ಅದಕ್ಕೆ" ಎಂದು ಮುಚ್ಚಳಕ್ಕೆ ಕೈಹಾಕಿದ. ಸೊಸೆ ಅವನ ಮಣಿಕಟ್ಟು ಹಿಡಿದಳು. ಮದುವೆಯಾಗಿ ಬಂದಲ್ಲಿಂದ ಭಾವನೆದುರು ದನಿಯೆತ್ತಿದವಳಲ್ಲ.

"ಬೇಡ ಭಾವ. ಕೈ ಹಾಕಿದ್ರೆ ರಕ್ತ ಬಂದು ಸಾಯತ್ತೆ. ತಾನಾಗೇ ಬರಬೇಕು ಅಂತ ಅವರು ಹೇಳಿದ್ರು."

"ಬರದೇ ಇದ್ರೆ?"

ಅವಳು ಕೈ ಬಿಡಲಿಲ್ಲ. ಅತ್ತೆ ಕಣ್ಣು ಮುಚ್ಚಿ ಏನನ್ನೋ ಪಿಸುಗುಡುತ್ತಿದ್ದಳು. ಆ ತುಟಿಗಳು ಒಣಗಿ ಸುಲಿದಿದ್ದವು.

ಸಿಪ್ಪೆ ಹೇಗೆ ಒಡೆಯಿತೆಂದು ಮೂವರಲ್ಲಿ ಯಾರೂ ಸರಿಯಾಗಿ ನೋಡಲಿಲ್ಲ. ಫಟ್ಟೆಂದು ಟೊಪ್ಪಿ ಕಳಚಿದಂತೆ ಒಂದು ಭಾಗ ಬಿತ್ತು. ಒದ್ದೆಯಾದ, ಕುರೂಪದ, ಕತ್ತು ನಿಲ್ಲದ ಒಂದು ಜೀವ ಉರುಳಿ ಬಂದು, ಬಾಯಿ ತೆರೆದು ಕಿರುಚಿತು.

"ಅಯ್ಯೋ, ನಮ್ಮ ಮೀಟರು ಅಣ್ಣನ ಥರಾನೇ ಕಿರುಚತ್ತೆ" ಎಂದಳು ಬಾಗಿಲಲ್ಲಿ ಬಂದು ನಿಂತಿದ್ದ ದರ್ಜಿಯಾಕೆ. ಭಾವ ಅಳುತ್ತಲೇ ನಕ್ಕ.

ಸಂಜೆಯವರೆಗೂ ಕಾದರು. ಮತ್ತೊಂದು ಒಡೆಯಲಿಲ್ಲ. ಕೊನೆಗೆ ಭಾವ ಉಳಿದ ಮೊಟ್ಟೆಗಳನ್ನು ಒಂದೊಂದೇ ತೆಗೆದು ಟಾರ್ಚಿಗೆ ಹಿಡಿದ. ಒಳಗೆ ಕಪ್ಪು, ನಿಶ್ಚಲ. "ಹೋದ್ವು" ಎಂದ. ಸೊಸೆಯ ಕಡೆ ಒಮ್ಮೆ ನೋಡಿ ಟಾರ್ಚು ಆರಿಸಿದ.

ಅವಳು ಒಳಗೆ ಹೋಗಿ ತಟ್ಟೆಗೆ ಅನ್ನ ಬಡಿಸಿ ತಂದು ಅತ್ತೆಯ ಮುಂದಿಟ್ಟಳು. "ಒಂದು ಮರಿ ಕಣ್ಣು ಬಿಟ್ಟಿದೆ ಅತ್ತೆ. ಇನ್ನು ಉಣ್ಣಿ."

ಅತ್ತೆ ಬಹಳ ಹೊತ್ತು ಅನ್ನ ಕಲೆಸಿದಳು. ತುತ್ತು ಕಟ್ಟಿದಳು. ಅದನ್ನು ತನ್ನ ಬಾಯಿಗಲ್ಲ, ಸೊಸೆಯ ಬಾಯಿಗೆ ಹಿಡಿದಳು.

"ಮೊದಲು ನೀನು."

"ಅತ್ತೆ, ನೀವು..."

"ಬೈಸಿಕೊಂಡಿದ್ದೀಯ. ತಿನ್ನು."

ಸೊಸೆ ತಿಂದಳು. ಎರಡನೆಯ ತುತ್ತನ್ನು ಅತ್ತೆ ತಾನು ತಿಂದಳು. ಅಗಿಯಲು ಮರೆತವಳಂತೆ ನಿಧಾನವಾಗಿ ಅಗಿದಳು. ತಟ್ಟೆ ಅರ್ಧವಾದ ಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆ ತಣ್ಣಗಾದ ಮೊಟ್ಟೆಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಸೇರಿಸಿ ಮಡಿಲಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಕೈ ಜೋಡಿಸಿದಳು.

"ದೇವರೇ, ನನ್ನ ಮಗ ದಾರಿಯಲ್ಲಿ ಒಬ್ಬನೇ ಬಿದ್ದ. ನಿನ್ನಲ್ಲಿ ಒಬ್ಬನೇ ಇರುವ ಹಾಗೆ ಮಾಡಬೇಡ. ಅವನಿಗೆ ಶಾಂತಿ ಕೊಡು. ತಿಳಿಯದೆ ನಾನು ಕಳಿಸಿಕೊಟ್ಟ ಈ ಸಣ್ಣ ಜೀವಗಳನ್ನ ಅವನ ಕೈಗೇ ಕೊಡು, ತಂದೆ."