ಬನ್ನಿನ ಪೆಟ್ಟಿಗೆಯ ಗಾಜು

ಮಧುಗಿರಿಯ ಕೋಟೆ ಬೀದಿಯಲ್ಲಿ ದಾಕ್ಷಾಯಣಮ್ಮನ ಮನೆ ಯಾವುದು ಅಂತ ಯಾರೂ ಕೇಳಬೇಕಾಗೇ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮೂಗೇ ಕರೆದುಕೊಂಡು ಹೋಗೋದು. ಇದು ಮಹಾರಾಜರ ಸರ್ಕಾರದ ಕಾಲದ ಮಾತು. ಆಗ ಬನ್ನು ಅಂದರೆ ಬೆಂಗಳೂರಿಗೆ ಹೋದವರು ಪೊಟ್ಟಣ ಕಟ್ಟಿಸಿಕೊಂಡು ತರೋ ಪದಾರ್ಥ. ಬರೋಷ್ಟರಲ್ಲಿ ಕಲ್ಲಾಗಿರೋದು. ಅಂಥಾದ್ದರಲ್ಲಿ ಈ ಮನೆಯಲ್ಲಿ ವಾರಕ್ಕೆರಡು ಸಲ ಬಿಸಿ ಬಿಸಿ ಬನ್ನು!

ಎಲ್ಲಾ ಒಂದು ತಗಡಿನ ಪೆಟ್ಟಿಗೆಯ ಮಹಿಮೆ. ಇದ್ದಿಲ ಒಲೆಯ ಮೇಲೆ ಅದನ್ನು ಕೂರಿಸಬೇಕು. ಮುಂದೆ ಒಂದು ಬಾಗಿಲು, ಬಾಗಿಲ ನಡುವೆ ಅಂಗೈ ಅಗಲದ ಗಾಜು. ಓವರ್‌ಸಿಯರ್ ಹೆಂಡತಿ ಸರಸಮ್ಮ, ಗಂಡನಿಗೆ ಶಿವಮೊಗ್ಗಕ್ಕೆ ವರ್ಗವಾದಾಗ ಇದನ್ನು ಗೆಳತಿ ದಾಕ್ಷಾಯಣಮ್ಮನಿಗೆ ಕೊಟ್ಟು, ಬನ್ನು ಮಾಡೋದನ್ನೂ ಕಲಿಸಿ, ಕಣ್ಣೊರೆಸಿಕೊಂಡು ಗಾಡಿ ಹತ್ತಿದ್ದಳು.

ಹನ್ನೊಂದು ಜನದ ಮನೆ. ಊಟವಾಗಿ, ಗೋಮಯ ಹಚ್ಚಿ, ಎಲ್ಲರೂ ಒಂದೊಂದು ಕಡೆ ಅಡ್ಡಾದ ಮೇಲೆ ದಾಕ್ಷಾಯಣಮ್ಮ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಕೆಳಗಿನ ಕೆಂಡದ ಬೆಳಕು ಒಳಗೆಲ್ಲ ಮಸುಕಾಗಿ ಕೆಂಪಗೆ ಹರಡಿಕೊಂಡಿರುತ್ತಿತ್ತು. ಹಿಟ್ಟಿನ ಉಂಡೆಗಳು ಮೆಲ್ಲಗೆ, ಕಂಡೂ ಕಾಣದ ಹಾಗೆ, ಉಬ್ಬೋವು. ನೋಡ್ತಾ ನೋಡ್ತಾ ಅವಳಿಗೆ ಅದು ಪೆಟ್ಟಿಗೆ ಅನ್ನೋದೇ ಮರೆತುಹೋಗೋದು. ಒಳಗೆ ಯಾವುದೋ ಪುಟ್ಟ ಊರು, ಸಂಜೆಯಾಗಿದೆ, ದೀಪ ಹಚ್ಚಿದ್ದಾರೆ, ಯಾರೂ ಯಾರನ್ನೂ ಕೂಗ್ತಾ ಇಲ್ಲ. ಆ ಊರಿನ ಬೀದಿಯಲ್ಲಿ ಅವಳು ಬರಿಗಾಲಲ್ಲಿ ನಡೆಯುತ್ತಿದ್ದಳು. ಯಾಕೆ, ಎಲ್ಲಿಗೆ ಅಂತ ಕೇಳೋರಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅವಳದು ಅಂತ ಇದ್ದದ್ದು ಈ ಒಂದು ಗಳಿಗೆ ಮಾತ್ರ.

ಆ ಬೆಳಕು ಕಂಡಾಗ ಅವಳ ಕೈ ತಾನಾಗಿ ವಿಭೂತಿ ಬಟ್ಟಲಿಗೆ ಹೋಗೋದು. ಈ ಮನೆಯ ಪದ್ಧತಿಯೇ ಹಾಗೆ. ಒಲೆಗೆ, ಒರಳಿಗೆ, ರಾಗಿಕಲ್ಲಿಗೆ, ಎಲ್ಲಕ್ಕೂ ನೀರಲ್ಲಿ ಕಲಸಿದ ವಿಭೂತಿಯ ಮೂರು ಗೆರೆ. ಪೆಟ್ಟಿಗೆಗೆ ಮಾತ್ರ ಯಾಕಿಲ್ಲ? ಒಳಗೆ ಬೆಳಕು ಮೂಡಿದ ಮೇಲೆ ಗಾಜಿನ ಮೇಲೆ ಮೂರು ಬೆರಳೆಳೆದು ಕೈಮುಗಿಯುತ್ತಿದ್ದಳು.

ಶ್ರಾವಣದಲ್ಲಿ ಒಂದು ದಿನ ಗಾಜು ಟಪ್ಪಂತ ಸೀಳಿತು.

"ನೋಡಿದ್ಯಾ? ನಾನು ಹೇಳಿರ್ಲಿಲ್ವಾ?" ಅಂದರು ಅತ್ತೆ ಶಿವರುದ್ರಮ್ಮ. "ಬೀದಿಯೋರೆಲ್ಲ ವಾಸನೆ ಹಿಡ್ಕೊಂಡು ಬತ್ತಾರೆ. ಕಣ್ಣು ಬಿದ್ದೈತೆ ಕಣೇ. ಇನ್ಮೇಲೆ ವಿಭೂತೀನ ಚೆನ್ನಾಗಿ ಹಚ್ಚು."

ಗಂಡ ಮರುಳಸಿದ್ದಯ್ಯ ಒಳ್ಳೆಯವನು, ಆದರೆ ಆತುರಗಾರ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದೇ. ಅಟ್ಟದ ಮೇಲಿದ್ದ ಹಳೇ ಪಟದ ಗಾಜು ತೆಗೆದು, ಅಳತೆಗೆ ಬಿಗಿಯಾಗಿ ಕೊಯ್ಯಿಸಿ, ತಿರುಪುಗಳನ್ನು ಹಲ್ಲು ಕಚ್ಚಿ ತಿರುಗಿಸಿ ಕೂರಿಸಿದ. "ಇನ್ನು ಆನೆ ಬಂದ್ರೂ ಅಲ್ಲಾಡಲ್ಲ" ಅಂದ. ದಾಕ್ಷಾಯಣಮ್ಮ ಅತ್ತೆ ಹೇಳಿದಂತೆ ಎರಡು ಪಟ್ಟು ವಿಭೂತಿ ಹಚ್ಚಿದಳು. ಆನೆ ಬರಲಿಲ್ಲ. ಎರಡನೇ ಗುರುವಾರವೇ ಗಾಜು ಚೂರು ಚೂರಾಯಿತು.

ಅವತ್ತಿನ ಬನ್ನನ್ನಾದರೂ ಎಸೆಯಬೇಕಿತ್ತು. ಎಸೆಯಲಿಲ್ಲ. ಮೈದಾ ದಂಡವಾಗುತ್ತೆ ಅಂತ ಮೇಲುಮೇಲೆ ಕೊಡವಿ ತಟ್ಟೆಗೆ ಹಾಕಿದಳು. ಮರುಳಸಿದ್ದಯ್ಯ ಕಚ್ಚಿದ. ಕಲ್ಲು ಅಂದುಕೊಂಡ. ತುಟಿ ಮುಟ್ಟಿ ನೋಡಿದರೆ ಬೆರಳೆಲ್ಲ ರಕ್ತ.

ಸದ್ಯ, ನುಂಗಲಿಲ್ಲ! ನುಂಗಿದ್ದರೆ ಏನು ಗತಿ? ದಾಕ್ಷಾಯಣಮ್ಮ ಅವನ ಕೈಯಿಂದ ತಟ್ಟೆ ಕಿತ್ತುಕೊಂಡಳು.

ಶಿವರುದ್ರಮ್ಮ ಜಗಲಿಯಿಂದಲೇ ತೀರ್ಪು ಕೊಟ್ಟರು. "ಬರೋ ಸೋಮವಾರ ಹಳೇ ತಗಡಿನೋನು ಬತ್ತಾನೆ. ಕೊಟ್ಬುಡು. ಒಡೆದ ಗಾಜು ಮನೇಲಿದ್ರೆ ಇನ್ನೇನೇನು ಒಡೆದು ಹೋಗ್ತದೋ."

ಮರುಳಸಿದ್ದಯ್ಯ ತುಟಿಗೆ ಅರಿಶಿನ ಒತ್ತಿಕೊಂಡು ಕೂತ. ಆ ರಾತ್ರಿಯೆಲ್ಲ ದಾಕ್ಷಾಯಣಮ್ಮನ ಪುಟ್ಟ ಊರಿನಲ್ಲಿ ಒಂದೊಂದೇ ದೀಪ ಆರುತ್ತಿತ್ತು. ಯಾರಿಗೆ ಹೇಳೋದು? ತಗಡಿನ ಡಬ್ಬಿಗೆ ಅಳ್ತಾಳೆ ಅಂತ ನಗೋದಿಲ್ಲವಾ?

ಬೆಳಗ್ಗೆ ಬೆಣ್ಣೆ ತಂದ ಹೊನ್ನಕ್ಕನ ಹತ್ತಿರ ಮಾತ್ರ ತಡೆಯೋಕಾಗಲಿಲ್ಲ. ಹೊನ್ನಕ್ಕ ಸಿರಾ ಕಡೆಯವಳು, ಕುರಿ ಸಾಕೋ ಮನೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಅಲ್ಲಿನ ಪ್ರವಾಸಿ ಬಂಗಲೆಯ ಅಡುಗೆಮನೆಯಲ್ಲಿ ಹತ್ತು ವರ್ಷ ದುಡಿದವಳು.

"ಇಷ್ಟಕ್ಕೆ ಯಾಕಮ್ಮಾರೆ ಮುಖ ಸಣ್ಣ ಮಾಡ್ಕೊಂಡಿದೀರಾ?" ಅಂದಳು. "ಬಂಗ್ಲೇಲಿ ಇಂಥದ್ದೇ ಪೆಟ್ಗೆ ಇತ್ತು. ಅಲ್ಲಿನ ಬಟ್ಲರ್ ಗಾಜು ಬದಲಾಯ್ಸೋದ ನಾನು ಪಕ್ಕದಲ್ಲೇ ಕುಂತು ನೋಡೀವ್ನಿ. ನೀವೇ ಮಾಡ್ಬೋದು."

"ನಾನಾ? ತಿರುಪು ಗಿರುಪು ನಂಗೇನು ಗೊತ್ತು ಹೊನ್ನಕ್ಕ?"

"ಶಾವಿಗೆ ಒರಳು ಬಿಚ್ಚಿ ಕೂಡ್ಸೋಕೆ ಬರಲ್ವಾ? ಅಷ್ಟೇಯ ಇದು. ಎಲ್ಲಿ, ತೋರ್ಸಿ."

ಪೆಟ್ಟಿಗೆ ರಾತ್ರಿಯಿಡೀ ಆರಿ ತಣ್ಣಗಾಗಿತ್ತು. ದಾಕ್ಷಾಯಣಮ್ಮ ಬರಿಗೈ ಹಾಕಹೋದಳು.

"ಅಯ್ಯೋ, ತಡೀರಿ! ದಪ್ಪ ಬಟ್ಟೆ ಸುತ್ಕಳಿ ಕೈಗೆ. ಪೂರಾ ತಣ್ಣಗಾದ್ಮೇಲೇ ಮುಟ್ಬೇಕು, ಬರಿಗೈಲಿ ಮುಟ್ಟಲೇಬಾರ್ದು."

ದೊಡ್ಡ ಚೂರುಗಳನ್ನು ಬಟ್ಟೆ ಸುತ್ತಿದ ಕೈಯಿಂದ ಆರಿಸಿ ಹಳೇ ಡಬ್ಬಕ್ಕೆ ಹಾಕಿದರು. ಕಣ್ಣಿಗೆ ಕಾಣದ ಸಣ್ಣ ಪುಡಿಗೆ ಹೊನ್ನಕ್ಕ ರಾಗಿಹಿಟ್ಟು ಕಲಸಿ ಉಂಡೆ ಮಾಡಿಸಿದಳು. ಅದನ್ನು ಪೆಟ್ಟಿಗೆಯೊಳಗೆ, ಬಾಗಿಲ ಸಂದಿಯಲ್ಲಿ, ನೆಲದ ಮೇಲೆ ಮೆಲ್ಲಗೆ ಒತ್ತಿ ಒತ್ತಿ ತೆಗೆದರೆ ಉಂಡೆ ತುಂಬ ಮಿಣಮಿಣ ಪುಡಿ! ದಾಕ್ಷಾಯಣಮ್ಮ ಅದನ್ನೇ ನೋಡುತ್ತಾ ನಿಂತಳು. ಇಷ್ಟೂ ನಮ್ಮ ಹೊಟ್ಟೆಗೆ ಹೋಗುತ್ತಿತ್ತಲ್ಲ!

"ಈ ಉಂಡೇನ ಬೀದಿಗೆ ಎಸೆದುಬುಟ್ಟೀರಾ ಮತ್ತೆ, ಹಸ ತಿಂದಾವು. ಡಬ್ಬಕ್ಕೆ ಹಾಕಿ, ಮುಚ್ಚಳ ಬಡಿದು, ಆಳವಾಗಿ ಹೂಣಿಸ್ಬುಡಿ."

ಆಮೇಲೆ ಬಾಗಿಲ ಚೌಕಟ್ಟಿನ ನಾಲ್ಕು ತಿರುಪು ಬಿಚ್ಚಿ ತಟ್ಟೆಗೆ ಹಾಕಿಕೊಂಡರು. ಗಾಜು ಕೂರೋ ಜಾಗಕ್ಕೆ ದಪ್ಪ ಕಾಗದ ಇಟ್ಟು ಅಳತೆ ಕತ್ತರಿಸಿದರು. ಹೊನ್ನಕ್ಕ ಆ ಕಾಗದವನ್ನು ನಾಲ್ಕೂ ಕಡೆ ಒಂದೊಂದು ಅಕ್ಕಿಕಾಳಿನಷ್ಟು ಕಿರಿದು ಮಾಡಿಸಿದಳು.

"ಅಷ್ಟು ಸಡಿಲ ಯಾಕೆ? ಬಿದ್ದುಹೋಗಲ್ವಾ?"

"ಕಾವಿಗೆ ಗಾಜೂ ಹಿಗ್ತದೆ ಕಣಮ್ಮ. ಹಿಗ್ಗೋಕೆ ಜಾಗ ಇಲ್ದಿದ್ರೆ ಒಡೀದೆ ಏನು ಮಾಡ್ತದೆ? ಆಮೇಲೆ ಪಟದ ಗಾಜು, ಕಿಟಕಿ ಗಾಜು ಬೆಂಕಿ ತಾವ ಬಾಳಲ್ಲ. ಕಾವು ತಡೆಯೋ ಗಾಜು ಅಂತಲೇ ಕೇಳಿ ತರ್ಬೇಕು. ಸಿರಾದಲ್ಲಿ ಲಾಟೀನಿನ ಸಾಬ್ರ ಅಂಗ್ಡೀಲಿ ಸಿಕ್ತದೆ. ಈ ಕಾಗದ ಕೊಟ್ರೆ ಅವ್ರೇ ಕೊಯ್ದು, ಅಂಚು ಉಜ್ಜಿ ಕೊಡ್ತಾರೆ."

ಶನಿವಾರ ಹೊನ್ನಕ್ಕನ ಸೆರಗಿನಲ್ಲಿ ಬಟ್ಟೆ ಸುತ್ತಿದ ಗಾಜು ಬಂತು. ಭಾನುವಾರ ಬಾಗಿಲು ಸಿದ್ಧವಾಯಿತು. ದಾಕ್ಷಾಯಣಮ್ಮ ಗಂಡನ ಹಾಗೆ ತಿರುಪು ಬಿಗಿಯೋಕೆ ಹೊರಟಾಗ ಹೊನ್ನಕ್ಕ ಅವಳ ಕೈಯ ಬಳೆ ತೋರಿಸಿದಳು. "ಬಳೆ ಹೆಂಗಿರ್ಬೇಕು? ಬೀಳ್ಬಾರ್ದು, ಆದ್ರೆ ಕೈಲಿ ಆಡ್ತಿರ್ಬೇಕು. ಇದೂ ಅಂಗೇಯ. ಒಂದು ಮೂಲೆ ಒಂಚೂರು, ಎದುರು ಮೂಲೆ ಒಂಚೂರು. ಒಂದೇ ಕಡೆ ಬಿಗೀಬೇಡಿ." ತಿರುಪು ಒಂದೊಂದಾಗಿ ಕೂತಿತು. ತನ್ನ ಕೈಯಿಂದಲೇ ಆದದ್ದು ಅಂತ ದಾಕ್ಷಾಯಣಮ್ಮನಿಗೆ ಒಳಗೊಳಗೇ ಹಿಗ್ಗು.

ಸೋಮವಾರ ಬಂತು. ಹಳೇ ತಗಡಿನವನು ಬರೋ ದಿನ. ಶಿವರುದ್ರಮ್ಮ ಪೂಜೆ ಮುಗಿಸಿ ಅಡುಗೆಮನೆ ಬಾಗಿಲಲ್ಲೇ ಕೂತರು. "ಇವತ್ತು ಒಡೀಲಿ, ಅವನ ತಕ್ಕಡಿಗೆ ನಾನೇ ಎತ್ತಿ ಹಾಕ್ತೀನಿ" ಅಂದರು. ಬೆಣ್ಣೆ ತಂದಿದ್ದ ಹೊನ್ನಕ್ಕ ಹೊಸಿಲಿನ ಪಕ್ಕ ನಿಂತಳು.

ಮೊದಲು ಬರೀ ಪೆಟ್ಟಿಗೆಯನ್ನು ನಾಲ್ಕೇ ಕೆಂಡದ ಮೇಲಿಟ್ಟು ಸಣ್ಣಗೆ ಕಾಯಿಸಿದರು. ಗಾಜು ತಡೆಯಿತು. ಆಮೇಲೆ ದಾಕ್ಷಾಯಣಮ್ಮ ಕೆಂಡ ಕೂಡಿಸಿ ಬನ್ನಿನ ತಟ್ಟೆ ಇಟ್ಟಳು. ಒಳಗೆ ಮೆಲ್ಲಗೆ ಕೆಂಪು ಮೂಡಿತು. ಅದೇ ಊರು, ಅದೇ ಸಂಜೆ! ಅವಳ ಕಣ್ಣು ತುಂಬಿತು. ಮೈಮರೆತವಳ ಕೈ ಎಂದಿನಂತೆ ವಿಭೂತಿ ಬಟ್ಟಲಿಗೆ ಹೋಯಿತು. ಮೂರು ಬೆರಳು ಅದ್ದಿದಳು, ನೀರು ತೊಟ್ಟಿಕ್ಕುತ್ತಿದ್ದ ಬೆರಳನ್ನು ಗಾಜಿನ ಹತ್ತಿರ ತಂದಳು.

"ಬ್ಯಾಡಿ!" ಅಂತ ಹೊನ್ನಕ್ಕ ಹಾರಿ ಬಂದು ಅವಳ ಮಣಿಕಟ್ಟು ಹಿಡಿದುಬಿಟ್ಟಳು.

ಬೆಣ್ಣೆ ಮಾರೋಳು ಮನೆ ಸೊಸೆಯ ಕೈ ಹಿಡಿಯೋದಾ? ಅದೂ ವಿಭೂತಿ ಹಿಡಿದ ಕೈ?

"ಏನೇ ಹೊನ್ನಿ, ನಿನಗೇನು ಗ್ರಹಚಾರ? ಶಿವನ ಭಸ್ಮಕ್ಕೆ ಅಡ್ಡ ಬತ್ತೀಯಾ?" ಶಿವರುದ್ರಮ್ಮ ಗದರಿದರು.

ಹೊನ್ನಕ್ಕ ಕೈ ಬಿಟ್ಟಳು, ಜಾಗ ಬಿಡಲಿಲ್ಲ. "ತಪ್ಪಾಯ್ತು ಕಣವ್ವ, ಬೇಕಾದ್ರೆ ಬೈಯ್ರಿ. ಒಂದು ಮಾತು ಕೇಳ್ತೀನಿ, ಹೇಳಿ. ಉರಿಯೋ ಲಾಟೀನಿನ ಗಾಜಿನ ಮೇಲೆ ಒಂದು ಹನಿ ಮಳೆ ನೀರು ಬಿದ್ರೆ ಏನಾಯ್ತದೆ?"

"ಇದೇನು ಕೇಳ್ತೀಯೇ? ಟಪ್ಪಂತ ಒಡೀತದೆ. ಹೋದ ವರ್ಷ ಎರಡು ಹೋದ್ವಲ್ಲ ನಮ್ಮನೇಲಿ."

"ಅದಕ್ಕೆ ಯಾರ ಕಣ್ಣು ಬಿದ್ದಿತ್ತು?"

ಶಿವರುದ್ರಮ್ಮ ಪೆಟ್ಟಿಗೆ ನೋಡಿದರು, ಸೊಸೆಯ ಒದ್ದೆ ಬೆರಳು ನೋಡಿದರು.

"ವಿಭೂತಿಯಿಂದ ಒಡೀತು ಅಂತೀಯಾ?" ದನಿ ಇಳಿದಿತ್ತು.

"ವಿಭೂತಿ ಏನು ಮಾಡ್ತದವ್ವಾ ಪಾಪ! ಅದ್ರಲ್ಲಿರೋ ನೀರು. ಕಾದ ಗಾಜು, ತಣ್ಣನೆ ನೀರು, ಎರಡಕ್ಕೂ ಆಗಲ್ಲ. ಒದ್ದೆ ಬಟ್ಟೇಲಿ ಒರೆಸಿದ್ರೂ ಅಷ್ಟೇಯ. ಪಟದ ಗಾಜೂ ತಪ್ಪೇ, ಬಿಗಿಯಾಗಿ ಕೂರ್ಸಿದ್ದೂ ತಪ್ಪೇ. ಆದ್ರೆ ಮೊದಲ್ನೇ ಗಾಜು ಸೀಳಿದ್ದು ಈ ಒದ್ದೆ ಕೈಯಿಂದ್ಲೇ."

ದಾಕ್ಷಾಯಣಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಹಾಗಾದ್ರೆ ನಾನೇ ಒಡ್ಕೊಂಡಿದ್ದಾ? ನನ್ನ ಕೈಯಾರೆ?" ಅಳು ತಡೆಯಲಿಲ್ಲ. ಎಷ್ಟು ಪ್ರೀತಿಯಿಂದ ಎಳೆದ ಗೆರೆ ಅದು!

"ನಾನೇ ಅಲ್ವಾ ಇನ್ನೂ ಹಚ್ಚು ಅಂದಿದ್ದು" ಅಂದರು ಶಿವರುದ್ರಮ್ಮ. ಆ ಮನೆಯಲ್ಲಿ ಅವರು ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ಅವತ್ತಿನ ತನಕ ಯಾರೂ ಕೇಳಿರಲಿಲ್ಲ. ಆಮೇಲೆ "ಇನ್ಮೇಲೆ ಒಲೆ ಹಚ್ಚೋಕೆ ಮುಂಚೆ, ತಣ್ಣಗಿರುವಾಗ, ಮೇಲಿನ ತಗಡಿಗೆ ಹಚ್ಚು. ತಣ್ಣಗಿರೋವಾಗ ಹಚ್ಚಿದ್ರೆ ಶಿವ ಬೇಡ ಅಂತಾನಾ?" ಅಂದರು.

ಹೊರಗೆ ಹಳೇ ತಗಡಿನವನು ಕೂಗಿದ. ಯಾರೂ ಏಳಲಿಲ್ಲ. ಅವನು ಇನ್ನೆರಡು ಸಲ ಕೂಗಿ ಮುಂದಿನ ಮನೆಗೆ ಹೋದ.

"ಅದೇನದು, ಪ್ರತೀ ಸಲ ಅಷ್ಟು ಹೊತ್ತು ನೋಡ್ತಾ ಕೂತಿರ್ತೀಯಲ್ಲ" ಅಂತ ಶಿವರುದ್ರಮ್ಮ ಮೊಣಕಾಲಿಗೆ ಕೈ ಊರಿ ಹತ್ತಿರ ಬಂದರು. ದಾಕ್ಷಾಯಣಮ್ಮ ಮಣೆ ಬಿಟ್ಟುಕೊಟ್ಟಳು. ಮುದುಕಿ ಬಗ್ಗಿ ಗಾಜಿನೊಳಗೆ ನೋಡಿದರು. ಕೆಂಪು ಬೆಳಕಿನಲ್ಲಿ ಬನ್ನು ಮೆಲ್ಲಗೆ ಉಬ್ಬುತ್ತಿತ್ತು, ನೆತ್ತಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ನೋಡಿದರು, ನೋಡ್ತಾನೇ ಇದ್ದರು. ಬನ್ನು ಆಯಿತು ಅಂತ ಸೊಸೆ ಹೇಳಿದರೂ ಏಳಲಿಲ್ಲ.

"ಐವತ್ತು ವರ್ಷ ಬೇಯ್ಸಿ ಹಾಕಿದೀನಿ ಕಣೇ ದಾಕ್ಷಾಯಣಿ" ಅಂದರು ಕೊನೆಗೆ. "ಹೊಗೇಲಿ ಕಣ್ಣು ಮುಚ್ಕೊಂಡು. ಬೇಯೋದು ಇಷ್ಟು ಚೆಂದ ಇರ್ತದೆ ಅಂತ ಒಂದು ದಿನವೂ ನೋಡಿರ್ಲಿಲ್ಲ." ಇನ್ನೊಂದು ಮಣೆ ತಂದು ಪಕ್ಕದಲ್ಲೇ ಕೂರೋಕೆ ಹೇಳಿದರು, ಸೊಸೆಗೆ.

ಅಕ್ಕಂದಿರೇ, ಅವ್ವಂದಿರೇ, ನಿಮ್ಮ ಮನೆಯ ಒಲೆಪೆಟ್ಟಿಗೆಯ ಗಾಜು ಒಡೆದರೆ ಹೆದರಬೇಡಿ, ಮಾರಲೂ ಬೇಡಿ. ಒಳಗಿದ್ದ ತಿಂಡಿಯನ್ನು ಮಾತ್ರ ಎಷ್ಟೇ ಬೆಲೆಯದಾದರೂ ಎಸೆದುಬಿಡಿ, ಮರುಳಸಿದ್ದಯ್ಯನ ತುಟಿ ನೆನೆಸಿಕೊಳ್ಳಿ. ಪೂರಾ ತಣ್ಣಗಾಗಲಿ. ಕೈಗೆ ಬಟ್ಟೆ ಸುತ್ತಿ ಚೂರು ಆರಿಸಿ, ಹಿಟ್ಟಿನ ಉಂಡೆಯಿಂದ ಪುಡಿ ತೆಗೆಯಿರಿ. ಕಾವು ತಡೆಯೋ ಗಾಜನ್ನೇ ಕೇಳಿ ತನ್ನಿ, ಅದಕ್ಕೆ ಹಿಗ್ಗೋಕೆ ಅಕ್ಕಿಕಾಳಿನಷ್ಟು ಜಾಗ ಬಿಡಿ, ತಿರುಪನ್ನು ಹದವಾಗಿ ಬಿಗಿಯಿರಿ, ಮೊದಲ ಸಲ ಸಣ್ಣಗೆ ಕಾಯಿಸಿ. ಇದಕ್ಕೆ ಗಂಡಸರೇ ಬರಬೇಕು ಅಂತೇನಿಲ್ಲ, ನಿಮ್ಮ ಕೈಯೇ ಸಾಕು. ಆ ಕೈ ಒಣಗಿರಲಿ, ಅಷ್ಟೇ. ಇನ್ನು ಮುಂದೆ ಗಾಜು ಒಡೆದಾಗ ಯಾರ ಕಣ್ಣು ಬಿತ್ತು ಅಂತ ಬೀದಿ ನೋಡೋ ಮುಂಚೆ, ನೀರು ಬಿತ್ತಾ ಅಂತ ಒಲೆ ನೋಡಿ.